ಕಾಲಾಪಹಾರವೂ ಸ್ತೇಯವೆ?

ಪರರ ಹೊಲದ ತೆನೆಯನ್ನು ಕೇಳದೆ ಕೊಯ್ದವನನ್ನು ಲೋಕವು ಕಳ್ಳನೆಂದು ಕರೆಯುವುದು. ಪರರ ಆಯುಸ್ಸಿನಿಂದ ಒಂದು ಗಳಿಗೆಯನ್ನು ಕೇಳದೆ ತೆಗೆದುಕೊಂಡವನಿಗೆ ಅದು ಯಾವ ಹೆಸರನ್ನೂ ಇಟ್ಟಿಲ್ಲ. ತೆನೆ ಮುಂದಿನ ಮಳೆಗೆ ಮತ್ತೆ ಬೆಳೆದೀತು, ಗಳಿಗೆ ಬೆಳೆಯದು. ಗಣಕಯಂತ್ರವು ಊರೂರನ್ನೂ ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ, ಕಾಲಾಪಹಾರವನ್ನು ಸ್ತೇಯದಲ್ಲಿ ಎಣಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ವಿಚಾರವಂತರು ತಳ್ಳಿಬಿಡುವಂತಿಲ್ಲ.

ಸಿರುಗುಪ್ಪದ ಸೀಮೆಯ ರೈತನಿಗೆ ಬೆಳೆಸಾಲಕ್ಕಾಗಿ ಪಹಣಿ ಬೇಕು. ಹಿಂದೆ ಅದು ಗ್ರಾಮಲೆಕ್ಕಿಗನ ಕೈಯಲ್ಲಿತ್ತು; ರಾಜ್ಯದಲ್ಲಿ ಅಂಥ ಲೆಕ್ಕಿಗರು ಸುಮಾರು 9,000 ಮಂದಿ. ಅವರು ಊರಲ್ಲಿರುವ ದಿನವನ್ನೂ ಅವರ ಮನಸ್ಸು ಪ್ರಸನ್ನವಾಗಿರುವ ಹೊತ್ತನ್ನೂ ರೈತನು ಕಾಯಬೇಕಾಗಿತ್ತು. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯು ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಕೆಲವು ರೂಪಾಯಿಗಳಿಗೆ ಪಹಣಿಯನ್ನು ಕೊಡಿಸಿತು. ಇದು ಸಾಮಾನ್ಯವಾದ ಉಪಕಾರವಲ್ಲ. ಆದರೆ ಉಪಕಾರದೊಡನೆ ಒಂದು ಆಸೆಯೂ ಹುಟ್ಟಿತು: ಯಂತ್ರಕ್ಕೆ ದಾಕ್ಷಿಣ್ಯವಿಲ್ಲ, ಲಂಚವಿಲ್ಲ, ಆಲಸ್ಯವೂ ಇಲ್ಲ ಎಂಬ ಆಸೆ. ಇಂದು ಯಾವುದಾದರೊಂದು ಕಚೇರಿಯ ಕಿಟಕಿಯ ಮುಂದೆ “ಸರ್ವರ್ ನಿಧಾನ, ನಾಳೆ ಬಾರಪ್ಪ” ಎಂಬ ಮಾತನ್ನು ಕೇಳಿದವನು ಕೂಲಿಯನ್ನೂ ಬಸ್ಸಿನ ಹಣವನ್ನೂ ಕಳೆದುಕೊಂಡು ಹಿಂದಿರುಗುವಾಗ ಆ ಆಸೆಯ ಮೂರನೆಯ ಪಾದವು ಮುರಿಯುವುದು. ಲೆಕ್ಕಿಗನಾದರೆ ಅವನ ಮುಂದೆ ಅಂಗಲಾಚಬಹುದಾಗಿತ್ತು, ಅವನನ್ನು ಬೈಯಲೂ ಬಹುದಾಗಿತ್ತು.

ಇನ್ನು ಕುರುಗೋಡಿನಂಥ ಊರಿನಲ್ಲಿ ಲಗ್ನಪತ್ರಿಕೆಯನ್ನು ರಚಿಸಿಕೊಡುವ ಅಂಗಡಿಯವನ ಪಾಡು. ಬಣ್ಣದ ಒಂದು ಎ4 ಹಾಳೆಯನ್ನು ಮುದ್ರಣಕ್ಕೆ ತಕ್ಕಂತೆ, ಅಂಗುಲಕ್ಕೆ 300 ಬಿಂದುಗಳ ಲೆಕ್ಕದಲ್ಲಿ ಬರೆದರೆ ಸುಮಾರು 87 ಲಕ್ಷ ಬಿಂದುಗಳಾಗುವುವು. ನಾಲ್ಕು ಬಣ್ಣಗಳಿಂದ ಗುಣಿಸಿದರೆ 35 ಮೆಗಾಬೈಟಿನ ಹೊರೆ. ಅಷ್ಟನ್ನು ಹೊರುವುದಕ್ಕೆ ಯಂತ್ರವು ಕೊಂಚ ಏದುಸಿರು ಬಿಟ್ಟರೆ ಕ್ಷಮ್ಯ. ಆದರೆ ವರನ ಹೆಸರಿನ ಒಂದು ಅಕ್ಷರವನ್ನು ಒತ್ತಿ, ಅದು ತೆರೆಯ ಮೇಲೆ ಮೂಡುವವರೆಗೆ ಕೈಕಟ್ಟಿ ಕೂಡಬೇಕಾದರೆ? 2017ರಲ್ಲಿ ಡಾನ್ ಲೂ ಎಂಬ ತಂತ್ರಜ್ಞನು, ಕೀಲಿ ಒತ್ತಿದ ಕ್ಷಣದಿಂದ ಅಕ್ಷರ ಮೂಡುವ ಕ್ಷಣದವರೆಗಿನ ಅಂತರವನ್ನು ಅನೇಕ ಯಂತ್ರಗಳಲ್ಲಿ ಅಳೆದನು. 1983ರ ಆಪಲ್ 2ಇ ಯಂತ್ರಕ್ಕೆ ಸೆಕೆಂಡಿನ ಸಾವಿರ ಪಾಲಿನಲ್ಲಿ 30 ಪಾಲು ಸಾಕಾಯಿತು. ಅದಕ್ಕಿಂತ ಎಷ್ಟೋ ಪಟ್ಟು ಬಲಿಷ್ಠವಾದ ಹೊಸ ಯಂತ್ರಗಳಲ್ಲಿ ಅನೇಕವು ಇದಕ್ಕೆ ಸೋತವು.

ಪತ್ರಿಕೆ ಸಿದ್ಧವಾದಮೇಲೆ ಅದನ್ನು ಬಳ್ಳಾರಿಯ ಮುದ್ರಣಾಲಯಕ್ಕೆ ಜಾಲತಾಣದ ಮೂಲಕ ಕಳುಹಿಸಬೇಕು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದರಿಂದ, ಕುರುಗೋಡಿರಲಿ, ಸಿರುಗುಪ್ಪದಿಂದ ಹೊರಟರೂ ದಾರಿಯ ದೆಸೆಯಿಂದ ಆಗುವ ವಿಳಂಬವು ಕಣ್ಣೆವೆಯ ನೂರನೆಯ ಒಂದು ಪಾಲೂ ಅಲ್ಲ. ತಂತಿಯ ಅಗಲ ಕಿರಿದಾಗಿದ್ದರೆ ತಡವಾಗುವುದು ನಿಜ. ಅದು ಬೇರೆಯ ದೋಷ. ಕಡತ ಹೊರಡುವುದಕ್ಕೆ ಮುಂಚೆಯೇ ಜಾಹಿರಾತುಗಳು, ಬಳಕೆದಾರನ ಹೆಜ್ಜೆಯನ್ನು ಗುರುತುಹಾಕುವ ಗುಪ್ತಚರ ಆಜ್ಞೆಗಳು, ಯಾರೂ ಬೇಡದ ಅಲಂಕಾರಗಳು ಇಳಿಯುವುವು. ಕೊನೆಗೆ “ಇನ್ನು ಒಂದು ನಿಮಿಷ” ಎಂದು ತೋರಿಸುವ ಪಟ್ಟಿಯು ನೂರಕ್ಕೆ ತೊಂಬತ್ತೊಂಬತ್ತರಲ್ಲಿ ನಿಂತುಬಿಡುವುದು. ಕುರುಗೋಡಿನ ದೊಡ್ಡಬಸವಣ್ಣನು ಮಲಗಿದ ಜಾಗದಿಂದ ಏಳಲಿಲ್ಲವೆಂದು ಯಾರೂ ಬೇಸರಪಟ್ಟಿಲ್ಲ. ಆತನು ಇನ್ನೊಂದು ನಿಮಿಷದಲ್ಲಿ ಏಳುವೆನೆಂದು ಯಾರಿಗೂ ಮಾತು ಕೊಟ್ಟಿಲ್ಲ. ಹುಸಿ ಅವಧಿಯನ್ನು ಹೇಳುವ ತಂತ್ರಾಂಶವು ಅಸ್ತೇಯದೊಡನೆ ಸತ್ಯವನ್ನೂ ಮುರಿಯುವುದು.

ಇಲ್ಲಿ ಪೂರ್ವಪಕ್ಷಕ್ಕೆ ಕಿವಿಗೊಡಬೇಕು. ತಂತ್ರಾಂಶವನ್ನು ಕಟ್ಟುವವನ ವೇತನವು ದುಬಾರಿ, ಯಂತ್ರವು ಅಗ್ಗ. ಸಿದ್ಧವಾಗಿರುವ ಕಟ್ಟಡದ ಮೇಲೆ ಕಟ್ಟಡವನ್ನೇರಿಸಿ ಬೇಗ ಮುಗಿಸುವುದೇ ಲಾಭ. ಬಳಸುವವನಿಗೆ ಎರಡು ಸೆಕೆಂಡಿನ ನಷ್ಟ ಯಾವ ಲೆಕ್ಕ? ಅಲ್ಲದೆ ಕದಿಯಬೇಕೆಂಬ ಸಂಕಲ್ಪವೇ ಇಲ್ಲದಲ್ಲಿ ಸ್ತೇಯವೆಲ್ಲಿಂದ ಬಂತು? ಈ ವಾದದ ಎರಡನೆಯ ಭಾಗಕ್ಕೆ ಬಲವುಂಟು, ಮೊದಲನೆಯದಕ್ಕೆ ಇಲ್ಲ. ಉಳಿತಾಯವು ಒಬ್ಬನದು, ವ್ಯಯವು ಮತ್ತೊಬ್ಬನದು. ಆ ಮತ್ತೊಬ್ಬನನ್ನು ಯಾರೂ ಕೇಳಿಲ್ಲ. 1983ರಲ್ಲಿ ಮ್ಯಾಕಿಂತೋಷ್ ಯಂತ್ರವು ತಯಾರಾಗುತ್ತಿದ್ದಾಗ, ಅದು ಎಚ್ಚರಗೊಳ್ಳುವ ಕಾಲದಲ್ಲಿ ಹತ್ತು ಸೆಕೆಂಡನ್ನು ಕಡಿಮೆಮಾಡಬೇಕೆಂದು ಸ್ಟೀವ್ ಜಾಬ್ಸನು ಒಬ್ಬ ಶಿಲ್ಪಿಯನ್ನು ಒತ್ತಾಯಿಸಿದನೆಂದು ಅವನ ಸಹೋದ್ಯೋಗಿ ಆಂಡಿ ಹರ್ಟ್ಸ್‌ಫೆಲ್ಡನು ಬರೆದಿಟ್ಟಿದ್ದಾನೆ. ಐವತ್ತು ಲಕ್ಷ ಜನ ದಿನಕ್ಕೊಮ್ಮೆ ಯಂತ್ರವನ್ನು ಎಬ್ಬಿಸಿದರೆ ಆ ಹತ್ತು ಸೆಕೆಂಡುಗಳು ಎಷ್ಟೋ ಜನ್ಮಗಳಾಗುವುವೆಂಬುದು ಜಾಬ್ಸನ ಲೆಕ್ಕ. ಗುಣಿಸಿ ನೋಡಿದರೆ ವರ್ಷಕ್ಕೆ 578 ವರ್ಷಗಳು. ಶಿಲ್ಪಿಯು ಹತ್ತು ಸೆಕೆಂಡಿಗಿಂತಲೂ ಹೆಚ್ಚನ್ನೇ ಉಳಿಸಿದನು. ಜಾಬ್ಸನು ಸಂತನಾಗಿರಲಿಲ್ಲ, ಲೆಕ್ಕ ಮಾತ್ರ ಸರಿಯಾಗಿತ್ತು.

ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಪಂಡಿತನು 1995ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಯಂತ್ರವು ಚುರುಕಾಗುವುದಕ್ಕಿಂತ ಬೇಗನೆ ತಂತ್ರಾಂಶವು ಮಂದವಾಗುತ್ತಿದೆಯೆಂದು ವ್ಯಥೆಪಟ್ಟನು. ಪಾಣಿನಿಯ ಸಂಪ್ರದಾಯದವರು ಈ ವ್ಯಥೆಯನ್ನು ಚೆನ್ನಾಗಿ ಬಲ್ಲರು. ಸುಮಾರು 4,000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಅಡಗಿಸಿದ ಆ ಲಾಘವವನ್ನು ಜಿಪುಣತನವೆಂದು ನಗುವವರುಂಟು. ಸೂತ್ರವನ್ನು ರಚಿಸುವವನಿಗೆ ಒಂದು ಮಾತ್ರೆ ಹೆಚ್ಚಾದರೆ ಹಾನಿಯೇನು? ಹಾನಿ ಅದನ್ನು ಬಾಯಿಪಾಠ ಮಾಡಿ ಜೀವಮಾನವೆಲ್ಲ ಹೊರುವ ವಟುವಿಗೆ. ರಚಿಸುವವನು ಒಮ್ಮೆ ಬೆವರಿದರೆ ಹೊರುವವರು ಸಾವಿರ ವರ್ಷ ಹಗುರಾಗಿ ನಡೆಯುವರು. ಇಂದಿನ ಕ್ರಮವು ಇದಕ್ಕೆ ವಿಪರೀತ. ಈ ಲೇಖನದಷ್ಟು ಕನ್ನಡವನ್ನು ಯಂತ್ರದಲ್ಲಿ ಇಡಲು ಕೆಲವು ಹತ್ತು ಕಿಲೋಬೈಟು ಸಾಕು. ಸಾಮಾನ್ಯವಾದ ಒಂದು ಜಾಲಪುಟವು ಎರಡು ಮೆಗಾಬೈಟನ್ನು ಮೀರಿ ತೂಗುವುದು.

ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರನ್ನು ಕುಡಿದ ಸೀಮೆಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನವನು ಅಗತ್ಯಕ್ಕಿಂತ ಹೆಚ್ಚಾಗಿ ತೂಬೆತ್ತಿದರೆ ಅವನ ಗದ್ದೆಗೆ ಹಸುರು. ಒಣಗುವುದು ಕೊನೆಯಂಚಿನ ಗದ್ದೆ. ಅವನೂ ಕೆಡುಕನ್ನು ಸಂಕಲ್ಪಿಸಿರುವುದಿಲ್ಲ, ಕೆಳಗಿನವನನ್ನು ನೆನೆದಿರುವುದಿಲ್ಲ ಅಷ್ಟೆ. ನಗರದ ಹೊಸ ಯಂತ್ರದ ಮುಂದೆ ಕುಳಿತು ಪರೀಕ್ಷಿಸುವವನಿಗೆ ತಂತ್ರಾಂಶವು ಚುರುಕಾಗಿಯೇ ಕಾಣುವುದು. ಹತ್ತು ವರ್ಷದ ಹಳೆಯ ಯಂತ್ರವುಳ್ಳ ಅಂಗಡಿಯು ಕಾಲುವೆಯ ಕೊನೆಯಲ್ಲಿದೆ.

ಸಂಕಲ್ಪವಿಲ್ಲದಿದ್ದರೆ ಸ್ತೇಯವಿಲ್ಲವೆಂಬ ವಾದವು ಉಳಿಯಿತು. 2025ರ ಆರಂಭದಲ್ಲಿ ನೋಂದಣಿ ಇಲಾಖೆಯ ‘ಕಾವೇರಿ 2.0’ ತಂತ್ರಾಂಶವು ಕುಂಟಿ, ಕ್ರಯಪತ್ರಗಳು ತಡೆದುನಿಂತವು. ಸುಳ್ಳು ಬೇಡಿಕೆಗಳನ್ನು ರಾಶಿರಾಶಿಯಾಗಿ ಸುರಿದು ಯಾರೋ ದಾಳಿ ನಡೆಸಿದರೆಂದು ಸರ್ಕಾರವು ತಿಳಿಸಿತು. ಪೊಲೀಸರಿಗೆ ದೂರೂ ಹೋಯಿತು. ಜನರನ್ನು ಕಾಯಿಸುವುದು ಅಪರಾಧವೆಂದು ಇಲ್ಲಿ ಎಲ್ಲರೂ ಒಪ್ಪಿದರು. ಅದೇ ವಿಳಂಬವು ದಾಳಿಯಿಂದಲ್ಲದೆ ಉದಾಸೀನದಿಂದ ಬಂದಾಗ ದೂರಿಲ್ಲ, ಹೆಸರೂ ಇಲ್ಲ. ಕಾದು ಕುಳಿತವನ ಮಧ್ಯಾಹ್ನವು ಎರಡು ಕಡೆಯೂ ಒಂದೇ ಪ್ರಮಾಣದಲ್ಲಿ ಹೋಯಿತು. ಅದನ್ನು ಕಳವೆನ್ನಲು ಮನಸ್ಸು ಒಪ್ಪದಿದ್ದರೆ ಋಣವೆನ್ನಬಹುದು: ಅರಿಯದೆ ಮಾಡಿದ ಸಾಲವನ್ನೂ ತೀರಿಸಬೇಕಾಗುವುದು, ತಿಳಿದಮೇಲೆ ಮುಂದುವರಿಸಿದರೆ ಮಾತ್ರ ಹೆಸರು ಬದಲಾಗುವುದು.

ಈ ಋಣದಲ್ಲಿ ಮನೆಗಳಿಗೂ ಪಾಲಿದೆ. ಬೆಳಗಾಗೆದ್ದು ಹೂವು, ದೀಪ, ಉದಯಸೂರ್ಯರಿಂದ ತುಂಬಿದ ಶುಭೋದಯದ ಚಿತ್ರಗಳನ್ನು ನೂರು ಬಂಧುಗಳ ದೂರವಾಣಿಗೆ ತುಂಬುವ ಹಿರಿಯರು, ಅಷ್ಟು ಹೊತ್ತಿಗಾಗಲೇ ಸಿರುಗುಪ್ಪದ ಬಸ್ಸು ಹತ್ತಿರುವ ಆ ರೈತನ ಯಂತ್ರವೂ ಅದನ್ನು ಹೊರುತ್ತಿರುವುದನ್ನು ಅಷ್ಟಾಗಿ ಯೋಚಿಸಿರಲಾರರು.