ಪರಿಮಾಣವ್ರತವೂ ಮೈಯಳತೆಯ ಕೋಲುಗಳೂ

ಶ್ರಾವಕನ ಪಂಚಾಣುವ್ರತಗಳಲ್ಲಿ ಪರಿಗ್ರಹ ಪರಿಮಾಣವು ಎಣಿಕೆಯಲ್ಲಿ ಕೊನೆಯದು. ಆದರೆ ದಿನನಿತ್ಯದ ಬಾಳಿನಲ್ಲಿ ಮೊದಲು ಪರೀಕ್ಷೆಗೆ ಬರುವುದು ಅದೇ. ಹಿಂಸೆ, ಅಸತ್ಯ, ಚೌರ್ಯಗಳು ಎದುರಾದಾಗ ಇವು ಪಾಪಗಳೆಂದು ಧರ್ಮಬುದ್ಧಿಯುಳ್ಳ ಗೃಹಸ್ಥನಿಗೆ ಕೂಡಲೇ ತಿಳಿಯುತ್ತದೆ. ಪರಿಗ್ರಹವಾದರೋ ಪಾಪದ ರೂಪದಲ್ಲಿ ಬರುವುದಿಲ್ಲ. ಆರೋಗ್ಯ, ಅನುಕೂಲ, ಮಕ್ಕಳ ಪ್ರೀತಿ, ವಯಸ್ಸಿನ ಅಗತ್ಯ ಎಂಬ ಒಳ್ಳೆಯ ಹೆಸರುಗಳನ್ನು ಹೊತ್ತು ಮನೆಬಾಗಿಲಿಗೆ ಬರುತ್ತದೆ. ಇದನ್ನು ವಿಚಾರಿಸಲು ದೊಡ್ಡ ಸಂಪತ್ತಿನ ಉದಾಹರಣೆ ಬೇಕಾಗಿಲ್ಲ. ಒಂದು ಆಟದ ಸಾಮಗ್ರಿ ಸಾಕು.

ಬೆಂಗಳೂರಿನ ಶ್ರಾವಕರೊಬ್ಬರು ೨೦೧೮ರ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳಕ್ಕೆ ಹೋದಾಗ, ಮುನಿಗಳ ಸನ್ನಿಧಿಯಲ್ಲಿ ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿದರು. ಹೊಲ, ಮನೆ, ಬೆಳ್ಳಿ, ಬಂಗಾರ, ಹಣ, ಧಾನ್ಯಗಳಿಗೆ ಮಿತಿಯನ್ನು ಹಾಕಿಕೊಂಡಂತೆಯೇ ಬಟ್ಟೆ, ಪಾತ್ರೆ, ಗೃಹೋಪಯೋಗಿ ವಸ್ತುಗಳೆಂಬ ಕುಪ್ಯಕ್ಕೂ ಇಂತಿಷ್ಟು ಮೊತ್ತವೆಂದು ಬರೆದಿಟ್ಟರು. ಕೆಲವು ವರ್ಷಗಳ ಬಳಿಕ ಉದ್ಯೋಗದಿಂದ ನಿವೃತ್ತರಾದಾಗ ವೈದ್ಯರು ದಿನವೂ ನಡೆಯಬೇಕೆಂದರು. ಗೆಳೆಯರು ಗಾಲ್ಫ್ ಆಟಕ್ಕೆ ಕರೆದರು. ೧೮೭೬ರಲ್ಲಿಯೇ ಗಾಲ್ಫ್ ಕ್ಲಬ್ ಸ್ಥಾಪನೆಯಾದ ಆ ನಗರದಲ್ಲಿ ಇದು ಹೊಸ ಆಟವೇನಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು ಬಿಟ್ಟುಕೊಟ್ಟ ಹಳೆಯ ಕೋಲುಗಳಿಂದ ಅವರು ವಾರಕ್ಕೆರಡು ಬಾರಿ ಆಡುತ್ತ ಬಂದರು. ಅವರದು ಎತ್ತರದ ನಿಲುವು, ಕೋಲುಗಳು ಗಿಡ್ಡ. ಬಾಗಿ ಹೊಡೆದು ಹೊಡೆದು ಸೊಂಟ ನೋಯತೊಡಗಿತು. ಮೈಯಳತೆಗೆ ತಕ್ಕಂತೆ ಹೊಸ ಕೋಲುಗಳನ್ನು ಮಾಡಿಸಿಕೊಳ್ಳುವುದು ಲೇಸೆಂದು ಜೊತೆಯವರು ಹೇಳಿದರು. ಬೆಲೆ ಲಕ್ಷ ರೂಪಾಯಿಯ ಆಸುಪಾಸು. ಅದು ಅವರ ಕುಪ್ಯದ ಮಿತಿಯನ್ನು ದಾಟುತ್ತಿತ್ತು. ಕೊಳ್ಳಬೇಕೇ, ಬೇಡವೇ ಎಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು.

ಮೊದಲು ಆ ವಸ್ತುವಿನ ಸ್ವರೂಪವನ್ನು ತಿಳಿಯಬೇಕು. ಗಾಲ್ಫಿನಲ್ಲಿ ನಡುವಣ ದೂರಗಳಿಗೆ ಬಳಸುವ, ಚಪ್ಪಟೆಯಾದ ಉಕ್ಕಿನ ತಲೆಯುಳ್ಳ ಕೋಲುಗಳಿಗೆ ಐರನ್ ಎಂದು ಹೆಸರು. ಅಂಗಡಿಯ ಸಿದ್ಧ ಸೆಟ್ಟು ಸಾಧಾರಣ ನಿಲುವಿನವನನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ್ದು. ಮೈಯಳತೆಯ ಸೆಟ್ಟಿಗಾದರೆ ಅಳತೆಗಾರನು ಆಟಗಾರನ ಎತ್ತರವನ್ನೂ, ಅವನು ನೆಟ್ಟಗೆ ನಿಂತಾಗ ಮಣಿಕಟ್ಟಿನಿಂದ ನೆಲಕ್ಕಿರುವ ದೂರವನ್ನೂ ಅಳೆಯುತ್ತಾನೆ. ಕೋಲಿನ ತಳಕ್ಕೆ ಪಟ್ಟಿಯನ್ನಂಟಿಸಿ ಗಟ್ಟಿ ಹಲಗೆಯ ಮೇಲಿಂದ ಚೆಂಡನ್ನು ಹೊಡೆಸುತ್ತಾನೆ. ಪಟ್ಟಿಯ ಗುರುತು ತಳದ ನಡುವೆ ಮೂಡಿದರೆ ಕೋನವು ಸರಿ. ಮೂತಿಯ ಕಡೆಗೆ ಮೂಡಿದರೆ ಕೋಲು ಅತಿಯಾಗಿ ಮಲಗಿದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಸರಿಯುತ್ತದೆ. ಹಿಮ್ಮಡಿಯ ಕಡೆಗೆ ಮೂಡಿದರೆ ಕೋಲು ಅತಿಯಾಗಿ ನೆಟ್ಟಗಿದೆ, ಚೆಂಡು ಎಡಕ್ಕೆ ಸರಿಯುತ್ತದೆ. ಕಾವಿನ ಉದ್ದ, ಅದರ ಬಾಗುವ ಗುಣ, ಹಿಡಿಕೆಯ ದಪ್ಪ ಇವುಗಳನ್ನೂ ಹೀಗೆಯೇ ನಿರ್ಣಯಿಸುತ್ತಾರೆ. ಅರ್ಧ ಅಂಗುಲ, ಎರಡು ಡಿಗ್ರಿಗಳಷ್ಟು ವ್ಯತ್ಯಾಸವೂ ಆಟಗಾರನಿಗೆ ಗೊತ್ತಾಗುತ್ತದೆ. ಆದುದರಿಂದ ಇದು ಬರಿಯ ಆಡಂಬರವೆಂದು ತಳ್ಳಿಹಾಕುವುದು ಸತ್ಯವಾಗದು. ತನಗೆ ಹೊಂದದ ಪಾದರಕ್ಷೆಯನ್ನು ತೊಟ್ಟು ನಡೆಯುವುದು ಅಪರಿಗ್ರಹವಲ್ಲ. ಹೊಂದದ ಕೋಲಿನಿಂದ ಸೊಂಟವನ್ನು ನೋಯಿಸಿಕೊಳ್ಳುವುದೂ ತಪಸ್ಸಲ್ಲ.

ಆಟವೇ ಶ್ರಾವಕನಿಗೆ ಸಲ್ಲದು, ಕೋಲಿನ ವಿಚಾರವೇಕೆ ಎಂಬ ಶಂಕೆ ಇಲ್ಲಿ ಏಳಬಹುದು. ಶಂಕೆಯು ಯೋಗ್ಯವಾದುದೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡಗಳನ್ನು ಕಡಿಯುವುದು ಮೊದಲಾದುವನ್ನು ಪ್ರಮಾದಚರ್ಯೆಯೆಂದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಐರನ್ ಹೊಡೆತವು ಹುಲ್ಲಿನ ಹೆಂಟೆಯನ್ನು ಕೀಳುವುದುಂಟು. ಮೈದಾನಕ್ಕೆ ಹಾಯಿಸುವ ನೀರೂ ಅಲ್ಪವಲ್ಲ. ದೇಹದ ಆರೋಗ್ಯಕ್ಕಾಗಿ ಆಡುವವನಿಗೆ ಪ್ರಯೋಜನವೊಂದು ಉಂಟು ಎನ್ನಬಹುದಾದರೂ, ಎಷ್ಟು ಆಟವು ಆ ಪ್ರಯೋಜನಕ್ಕೆ ಸಾಕು ಎಂಬುದನ್ನು ಅವನೇ ಕೇಳಿಕೊಳ್ಳಬೇಕು. ಉಕ್ಕಿನ ಕೋಲಿನಲ್ಲಿ ತ್ರಸಜೀವಿಯ ಅಂಗವಿಲ್ಲ, ಹಿಡಿಕೆಯೂ ಈಗ ಬಹುಮಟ್ಟಿಗೆ ರಬ್ಬರಿನದು. ಕೈಗವಸು ಮಾತ್ರ ಹಲವು ವೇಳೆ ಕುರಿಯ ಚರ್ಮದ್ದು. ಕೃತಕ ವಸ್ತುವಿನ ಕೈಗವಸು ದೊರೆಯುವಾಗ ಚರ್ಮವನ್ನು ತೊಡಲು ಕಾರಣವೇ ಇಲ್ಲ. ಆಟಕ್ಕೆ ಹಣದ ಪಂದ್ಯ ಸೇರಿತೆಂದರೆ ಅದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತ; ಅಲ್ಲಿಗೆ ವಿಚಾರವೇ ಮುಗಿಯಿತು. ಈ ಶ್ರಾವಕರು ಚರ್ಮವನ್ನೂ ಪಂದ್ಯವನ್ನೂ ಮೊದಲೇ ಬಿಟ್ಟವರು. ಅವರ ಪಾಲಿಗೆ ಉಳಿದದ್ದು ಪರಿಮಾಣದ ಪ್ರಶ್ನೆ.

ವಿಚಿತ್ರವೆಂದರೆ, ಆ ಆಟವೂ ಒಂದು ಪರಿಮಾಣವನ್ನು ಹಾಕಿಕೊಂಡಿದೆ. ಹಿಂದೆ ಆಟಗಾರನು ಎಷ್ಟು ಕೋಲುಗಳನ್ನಾದರೂ ಒಯ್ಯಬಹುದಾಗಿತ್ತು. ೧೯೩೦ರ ದಶಕದಲ್ಲಿ ಇಪ್ಪತ್ತಕ್ಕೂ ಮಿಕ್ಕ ಕೋಲುಗಳನ್ನು ಚೀಲದಲ್ಲಿ ತುಂಬಿಸಿ, ಹೊರುವ ಆಳಿನ ಹೆಗಲಿಗೆ ಏರಿಸುವವರಿದ್ದರು. ಕೌಶಲವನ್ನು ಕೋಲುಗಳಿಂದ ಕೊಳ್ಳುವ ಈ ಪ್ರವೃತ್ತಿಯನ್ನು ಕಂಡು ಆಟದ ನಿಯಾಮಕರು ಹದಿನಾಲ್ಕಕ್ಕಿಂತ ಹೆಚ್ಚು ಕೂಡದೆಂದು ವಿಧಿಸಿದರು. ಅಮೆರಿಕದಲ್ಲಿ ೧೯೩೮ರಲ್ಲಿ, ಬ್ರಿಟನ್ನಿನಲ್ಲಿ ೧೯೩೯ರಲ್ಲಿ ಆ ನಿಯಮ ಬಂದಿತು. ಹದಿನೈದನೆಯ ಕೋಲು ಚೀಲದಲ್ಲಿದ್ದರೆ ಅದನ್ನು ಬಳಸದಿದ್ದರೂ ದಂಡವುಂಟು. ಎಣಿಸುವವನು ಸಾಮಾನ್ಯವಾಗಿ ಆಟಗಾರನೇ. ೧೯೨೫ರ ಅಮೆರಿಕದ ಓಪನ್ ಸ್ಪರ್ಧೆಯಲ್ಲಿ ಬಾಬಿ ಜೋನ್ಸ್ ಎಂಬ ಪ್ರಸಿದ್ಧ ಆಟಗಾರನು ತನ್ನ ಚೆಂಡು ಕದಲಿತೆಂದು ತಾನೇ ಹೇಳಿ ಒಂದು ಹೊಡೆತದ ದಂಡವನ್ನು ತೆತ್ತನು. ಕೊನೆಗೆ ಆ ಸ್ಪರ್ಧೆಯಲ್ಲಿ ಸೋತನು. ಲೌಕಿಕರ ಆಟವೊಂದು ಇಷ್ಟು ನಿಷ್ಠೆಯನ್ನು ಬೇಡುವಾಗ, ಗುರುಸಾಕ್ಷಿಯಾಗಿ ವ್ರತವನ್ನು ತೆಗೆದುಕೊಂಡವನು ತನ್ನ ಎಣಿಕೆಯಲ್ಲಿ ಸಡಿಲವಾಗಬಹುದೇ?

ಸಡಿಲವಾಗುವ ದಾರಿಗಳು ಮಾತ್ರ ಅನೇಕ. ಮೊದಲನೆಯದು, ಬೆಲೆಗಳು ಏರಿವೆ, ಹಿಂದೆ ಹಾಕಿಕೊಂಡ ಮಿತಿಯನ್ನು ಈಗ ತುಸು ಏರಿಸಿದರೆ ತಪ್ಪೇನು ಎಂಬುದು. ಪರಿಮಾಣವನ್ನು ಕಿರಿದುಗೊಳಿಸುತ್ತ ಹೋಗುವುದು ವ್ರತದ ನಡೆ. ಆಸೆ ಬಂದ ಮೇಲೆ ಅದರ ಅಳತೆಗೆ ಮಿತಿಯನ್ನು ಹಿಗ್ಗಿಸಿದರೆ ಅದು ಪ್ರಮಾಣಾತಿಕ್ರಮವಾಗುತ್ತದೆ, ಆಸೆಗೆ ವ್ರತದ ಹೆಸರನ್ನಿಟ್ಟಂತಾಗುತ್ತದೆ. ಎರಡನೆಯ ದಾರಿಯನ್ನು ಮಗನು ತೋರಿಸಿದನು: “ನೀವು ಕೊಳ್ಳಬೇಡಿ ಅಪ್ಪಾಜಿ, ನಾನು ಕೊಂಡು ನನ್ನ ಹೆಸರಿನಲ್ಲಿಯೇ ಇಟ್ಟುಕೊಳ್ಳುತ್ತೇನೆ. ನೀವು ಆಡಿದರೆ ಸಾಕು.” ಮಗನ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆದರೆ ತಂದೆಯ ಮೈಯಳತೆಗೆ ಮಾಡಿಸಿದ ಕೋಲು ಮಗನದೆಂದು ಹೇಗೆ ಹೇಳುವುದು? ಆ ಕೋಲಿನ ಉದ್ದವೇ ಒಡೆಯನಾರೆಂದು ಸಾಕ್ಷಿ ನುಡಿಯುತ್ತದೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಶಲ್ಯರಹಿತನಾದವನೇ ವ್ರತಿಯೆಂದು ತಿಳಿಸಿದ್ದಾರೆ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಮುಳ್ಳುಗಳಲ್ಲಿ ಮಾಯೆಯೆಂದರೆ ಇಂತಹ ಕಪಟವೇ. ಲೋಕವನ್ನು ವಂಚಿಸುವ ಉದ್ದೇಶವಿಲ್ಲದಿದ್ದರೂ ತನ್ನನ್ನು ತಾನು ವಂಚಿಸಿಕೊಳ್ಳುವ ಕಪಟವು ಅದರಲ್ಲಿದೆ. ಮಿತಿಯನ್ನು ತಿಳಿದೂ ಮುರಿದವನಿಗೆ ಆಲೋಚನೆ, ಪ್ರಾಯಶ್ಚಿತ್ತಗಳುಂಟು. ಮುರಿದೇ ಇಲ್ಲವೆಂದು ತನ್ನನ್ನು ನಂಬಿಸಿಕೊಂಡವನಿಗೆ ಯಾವ ಪ್ರಾಯಶ್ಚಿತ್ತ?

ಹಾಗಾದರೆ ಅಗತ್ಯ ಯಾವುದು, ಆಸೆ ಯಾವುದು ಎಂಬುದನ್ನು ಅರಿಯುವುದೆಂತು? ಬೆಲೆಯಿಂದ ಅದು ತಿಳಿಯದು, ಏಕೆಂದರೆ ಅಗ್ಗದ ವಸ್ತುವಿನಲ್ಲಿಯೂ ಮೂರ್ಛೆಯಿರಬಹುದು. ತರ್ಕದಿಂದಲೂ ತಿಳಿಯದು, ಏಕೆಂದರೆ ಆಸೆಯು ತರ್ಕದಲ್ಲಿ ಬಲು ನಿಪುಣ. ಆ ಶ್ರಾವಕರಿಗೆ ಅದು ತಿಳಿದದ್ದು ಪ್ರೋಷಧೋಪವಾಸದ ದಿನ. ಚತುರ್ದಶಿಯಂದು ಆಹಾರವನ್ನೂ ಆರಂಭಗಳನ್ನೂ ಬಿಟ್ಟು ಬಸದಿಯಲ್ಲಿ ಸ್ವಾಧ್ಯಾಯಕ್ಕೆ ಕುಳಿತಿದ್ದರು. ಮಧ್ಯಾಹ್ನದ ಹೊತ್ತಿಗೆ ಹಸಿವು ನೆನಪಾಗುವುದು ಸಹಜ. ಆದರೆ ಹಸಿವಿಗಿಂತ ಮೊದಲು ಕಣ್ಣಮುಂದೆ ಬಂದದ್ದು ಹೊಳೆಯುವ ಆ ಏಳೆಂಟು ಕೋಲುಗಳು. ಸಾಲಾಗಿ ನಿಂತುಬಿಟ್ಟವು. ಅವುಗಳ ಹಿಡಿಕೆಯ ಬಣ್ಣವೂ ಮನಸ್ಸಿನಲ್ಲಿ ನಿರ್ಣಯವಾಗಿತ್ತು. ಸೊಂಟದ ನೋವಿಗೆ ಹಿಡಿಕೆಯ ಬಣ್ಣದಿಂದ ಆಗಬೇಕಾದುದೇನು? ಆ ಒಂದು ವಿವರವೇ ಒಳಗಿನದನ್ನು ಹೊರಗೆಡಹಿತು.

ಉಪವಾಸದ ಪ್ರಯೋಜನ ಇಲ್ಲಿ ಸ್ಪಷ್ಟವಾಗುತ್ತದೆ. ಉಪವಾಸವು ಅನ್ನವನ್ನು ಬಿಡಿಸುವುದಷ್ಟೇ ಅಲ್ಲ, ಅನ್ನವಿಲ್ಲದಾಗ ಮನಸ್ಸು ಎಲ್ಲಿಗೆ ಓಡುತ್ತದೆಂಬುದನ್ನು ತೋರಿಸುತ್ತದೆ. ತುಂಬಿದ ಹೊಟ್ಟೆಯಲ್ಲಿ ಎಲ್ಲ ಆಸೆಗಳೂ ಅಗತ್ಯಗಳಂತೆಯೇ ಕಾಣುತ್ತವೆ. ಬರಿದಾದ ದಿನ ಅವು ತಮ್ಮ ನಿಜವಾದ ಎತ್ತರದಲ್ಲಿ ನಿಲ್ಲುತ್ತವೆ. ಅಳತೆಗಾರನು ಹಲಗೆಯ ಮೇಲೆ ಕೋಲಿನ ಗುರುತನ್ನು ನೋಡುವಂತೆ, ವ್ರತಿಯು ಉಪವಾಸದ ದಿನ ತನ್ನ ಮನಸ್ಸಿನ ಗುರುತನ್ನು ನೋಡಿಕೊಳ್ಳಬೇಕು. ಅದು ಯಾವ ಕಡೆಗೆ ವಾಲಿದೆಯೆಂಬುದು ಅಲ್ಲಿ ಮೂಡಿರುತ್ತದೆ.

ಅಂದು ಅವರು ಒಂದು ನಿಯಮವನ್ನು ತೆಗೆದುಕೊಂಡರು. ಯಾವಜ್ಜೀವವಾದುದು ಯಮ, ಕಾಲದ ಎಲ್ಲೆಯುಳ್ಳದ್ದು ನಿಯಮ. ಆಷಾಢದಿಂದ ಕಾರ್ತಿಕದವರೆಗೆ ಕೋಲುಗಳನ್ನು ಕೊಳ್ಳುವುದಿಲ್ಲ, ಅವುಗಳ ಮಾತನ್ನಾಡುವುದಿಲ್ಲ, ಚಿತ್ರಗಳನ್ನು ನೋಡುವುದಿಲ್ಲ. ಮಳೆಗಾಲದ ಹುಲ್ಲಿನಲ್ಲಿ ಜೀವರಾಶಿಯು ಹೆಚ್ಚುವುದರಿಂದ ಮೈದಾನಕ್ಕೂ ಹೋಗುವುದಿಲ್ಲ ಎಂದು. ವೈದ್ಯರು ಹೇಳಿದ ನಡಿಗೆಯನ್ನು ಬೀದಿಯಲ್ಲಿಯೇ ನಡೆದರು. ಮೊದಲ ತಿಂಗಳು ಕಷ್ಟವಾಯಿತು. ದಶಲಕ್ಷಣ ಪರ್ವದಲ್ಲಿ ಆಕಿಂಚನ್ಯದ ದಿನ ಬರುವ ವೇಳೆಗೆ ಹಿಡಿಕೆಯ ಬಣ್ಣವು ಮರೆತುಹೋಗಿತ್ತು. ಗೆಳೆಯರ ಸಹವಾಸವೂ ಬೆಳಗಿನ ಹಸಿರೂ ನೆನಪಿಗೆ ಬರುತ್ತಿದ್ದವು. ನಾಲ್ಕು ತಿಂಗಳ ಸೋಸುವಿಕೆಯ ನಂತರವೂ ಉಳಿದದ್ದು ಆಟದ ಪ್ರೀತಿ. ಸೋರಿಹೋದದ್ದು ವಸ್ತುವಿನ ಮೋಹ.

ಕಾರ್ತಿಕದ ನಂತರ ಅವರು ಅಳತೆಗಾರನ ಬಳಿಗೆ ಹೋದದ್ದು ಹಳೆಯ ಕೋಲುಗಳನ್ನು ಹಿಡಿದುಕೊಂಡು. ಪಟ್ಟಿಯ ಗುರುತು ಮೂತಿಯ ಕಡೆಗಿತ್ತು. ಉಕ್ಕಿನ ಕುತ್ತಿಗೆಯನ್ನು ಯಂತ್ರದಲ್ಲಿ ಎರಡು ಡಿಗ್ರಿ ಬಗ್ಗಿಸಿ ನೆಟ್ಟಗಾಗಿಸಬಹುದು, ಕಾವನ್ನು ಅರ್ಧ ಅಂಗುಲ ಉದ್ದಮಾಡಬಹುದು, ಸವೆದ ಹಿಡಿಕೆಗಳನ್ನು ಬದಲಾಯಿಸಬಹುದು ಎಂದು ಅವನು ಹೇಳಿದನು. ಖರ್ಚು ಮಿತಿಯೊಳಗಿತ್ತು. ಮೈಯಳತೆಯ ಅಗತ್ಯವಿದ್ದುದು ನಿಜ, ಹೊಸದರ ಅಗತ್ಯವಿರಲಿಲ್ಲ. ಈ ಎರಡನ್ನು ಬೇರ್ಪಡಿಸಿ ನೋಡಲು ನಾಲ್ಕು ತಿಂಗಳು ಬೇಕಾದವು.

ಇದರಿಂದ ಹಳೆಯದನ್ನು ಸರಿಪಡಿಸುವುದೇ ಧರ್ಮ, ಹೊಸದನ್ನು ಕೊಳ್ಳುವುದು ಅಧರ್ಮ ಎಂದು ತಿಳಿಯಲಾಗದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಮೂರ್ಛೆಯನ್ನು ವಿವರಿಸುವಾಗ ಗಳಿಸುವುದು, ಕಾಪಾಡುವುದರೊಡನೆ ವಸ್ತುವನ್ನು ಸಂಸ್ಕರಿಸುವ ವ್ಯಾಪಾರವನ್ನೂ ಸೇರಿಸಿದ್ದಾರೆ. ಹಳೆಯ ಕೋಲನ್ನು ದಿನವೂ ಒರೆಸಿ ಮುದ್ದಿಸುವವನು ಹೊಸದನ್ನು ಕೊಂಡು ಮರೆತವನಿಗಿಂತ ಹೆಚ್ಚು ಪರಿಗ್ರಹಿಯಾಗಿರಬಹುದು. ಹಳೆಯವು ಬಗ್ಗದಂತಿದ್ದು ನೋವು ನಿಲ್ಲದಿದ್ದರೆ, ಅವುಗಳನ್ನೂ ಬೇರೆ ಕೆಲವು ವಸ್ತುಗಳನ್ನೂ ಬಿಟ್ಟುಕೊಟ್ಟು, ತೆರವಾದ ಮಿತಿಯೊಳಗೆ ಹೊಸವನ್ನು ಕೊಂಡಿದ್ದರೂ ವ್ರತಭಂಗವಾಗುತ್ತಿರಲಿಲ್ಲ. ಮಿತಿಯು ಆಸೆಗಿಂತ ಮೊದಲೇ ಇರಬೇಕು, ಎಣಿಕೆಯಲ್ಲಿ ಕಪಟವಿರಬಾರದು; ಇವೆರಡು ಇದ್ದಲ್ಲಿ ವ್ರತವು ಉಳಿಯುತ್ತದೆ.

ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿರುವ ಬಾಹುಬಲಿಯು ದೃಷ್ಟಿ, ಜಲ, ಮಲ್ಲ ಎಂಬ ಮೂರು ಸ್ಪರ್ಧೆಗಳಲ್ಲಿ ಗೆದ್ದವನು. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟವನು. ಗೃಹಸ್ಥನಿಗೆ ಅಷ್ಟು ಸಾಧ್ಯವಿಲ್ಲವೆಂದೇ ಅಣುವ್ರತಗಳಿವೆ. ಎಲ್ಲವನ್ನೂ ಬಿಡಲಾರದವನು ಎಷ್ಟನ್ನು ಇಟ್ಟುಕೊಂಡಿದ್ದೇನೆಂಬುದನ್ನಾದರೂ ಸರಿಯಾಗಿ ಹೇಳಬಲ್ಲವನಾಗಬೇಕು. ಆ ಶ್ರಾವಕರು ಈಗಲೂ ಅಂಗಡಿಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ನಿಲ್ಲುವುದುಂಟು. ಆಸೆಯು ಪೂರ್ಣವಾಗಿ ಹೋಗಿಲ್ಲ. ಅದರ ಅಳತೆ ಮಾತ್ರ ಅವರಿಗೆ ತಿಳಿದಿದೆ. ಬರುವ ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸಕ್ಕೆ ಕುಳಿತ ಪ್ರತಿಯೊಬ್ಬ ಶ್ರಾವಕ ಶ್ರಾವಿಕೆಯೂ ಹಸಿವಿಗಿಂತ ಮೊದಲು ತನಗೆ ನೆನಪಾದ ವಸ್ತು ಯಾವುದೆಂದು ಒಮ್ಮೆ ಕೇಳಿಕೊಳ್ಳುವುದು ಶ್ರೇಯಸ್ಕರ.