ಚೀಟಿಯ ಹಿಂಬದಿ
ಅಕ್ಕನ ಮಗನಿಗೆ ಥಲಸ್ಸೀಮಿಯಾ ಎಂದು ಗೊತ್ತಾದಾಗ ಅಜ್ಜಿ ಅಂದದ್ದು, "ಇವಳ ಹೊಟ್ಟೆಯ ದೋಷ." ಅಕ್ಕ ಕೈಹಿಡಿದದ್ದು ಸೋದರಮಾವನನ್ನು, ಅಜ್ಜಿಯೇ ಅತ್ತೆ!

ಮೂರ್ನಾಲ್ಕು ವಾರಕ್ಕೊಮ್ಮೆ ಮಗುವಿಗೆ ರಕ್ತ ಕೊಡುತ್ತಿದ್ದ ಡಾಕ್ಟರು ಕಾರಣ ಮಾತ್ರ ಹೇಳಲಿಲ್ಲ. ಸಂಸಾರ ಒಡೆದೀತೆಂಬ ಕನಿಕರವೋ, ತಮಗೇ ಸರಿಯಾಗಿ ತಿಳಿಯದೋ. ಕೊನೆಗೆ ನರ್ಸ್ ಒಬ್ಬರು ಔಷಧಿ ಚೀಟಿಯ ಹಿಂದೆ ಗೆರೆ ಎಳೆದು ತೋರಿಸಿದರು: ತಂದೆ ತಾಯಿ ಇಬ್ಬರೂ ಆ ವಂಶವಾಹಿಯನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ಶೇಕಡಾ 25. ಅಜ್ಜ ಅಜ್ಜಿಯಿಂದಲೇ ಇಳಿದು ಬಂದಿರಲೂಬಹುದು. ತರಬೇತಿಯಲ್ಲಿ ಕಲಿತಿದ್ದರಂತೆ.

ಅಷ್ಟು ಮಾತು ಮೊದಲೇ ಬಂದಿದ್ದರೆ ಅಕ್ಕ ಎರಡು ವರ್ಷ ತಲೆ ತಗ್ಗಿಸಬೇಕಿರಲಿಲ್ಲ. ತಿಳಿದವರ ಮೌನವನ್ನು ದಯೆ ಎನ್ನಲು ನನಗೆ ಮನಸ್ಸು ಬಾರದು. ತಿಳಿಯದ ವೈದ್ಯರು ಕಲಿಯಲೇಬೇಕು.

ಹೀಗೆನ್ನುವ ನಾನು? ನನ್ನ ಮಗಳೂ ಅದನ್ನು ಹೊತ್ತಿದ್ದಾಳೆಂದು ಕಳೆದ ತಿಂಗಳ ರಕ್ತಪರೀಕ್ಷೆ ಹೇಳಿತು. ಹುಡುಗನಿಗೂ ಪರೀಕ್ಷೆ ಮಾಡಿಸಿ ಎನ್ನಬೇಕು. ಬೀಗರಾಗುವವರು ನಾಳೆ ಬರುತ್ತಾರೆ.