ಮತ್ಸ್ಯರಕ್ಷಣೆಯೂ ಅಭಯದಾನವೂ

ಜೀವವೊಂದನ್ನು ಕಾಪಾಡುವ ಕ್ರಿಯೆಯೆಲ್ಲವೂ ದಯೆಯೆನಿಸುವುದೇ? ಕಾಪಾಡುವವನ ಸಂಕಲ್ಪದಲ್ಲಿಯೇ ಆ ಜೀವದ ಮುಂದಿನ ಬಂಧನವು ಅಡಗಿದ್ದರೆ ಆ ರಕ್ಷಣೆಗೆ ಯಾವ ಹೆಸರು ಸಲ್ಲುತ್ತದೆ? ಅಹಿಂಸಾಣುವ್ರತವನ್ನು ಧರಿಸಿದ ಗೃಹಸ್ಥನಿಗೆ ಈ ಪ್ರಶ್ನೆ ಹೊಸದಲ್ಲ. ಆದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಸರಕಾರಿ ನಿಧಿಯು ಇದನ್ನು ಹೊಸ ರೂಪದಲ್ಲಿ ಮುಂದಿಡುತ್ತದೆ. ಆ ದೇಶದಲ್ಲಿ ನೆಲೆಸಿರುವ ಅನೇಕ ಜೈನ ಕುಟುಂಬಗಳೂ ತಿಳಿದೋ ತಿಳಿಯದೆಯೋ ಈ ನಿಧಿಗೆ ಹಣ ತೆರುತ್ತಿರುವುದರಿಂದ ವಿಷಯವು ವಿಚಾರಣೀಯವಾಗಿದೆ.

ಆ ದೇಶದಲ್ಲಿ ಗಾಳ ಹಾಕಿ ಮೀನು ಹಿಡಿಯುವುದು ಬಹುಜನರಿಗೆ ಜೀವನೋಪಾಯವಲ್ಲ, ವಿನೋದ. ಹಿಡಿಯುವವರು ಹೆಚ್ಚಿದಂತೆ ನದಿ ಸರೋವರಗಳಲ್ಲಿ ಮೀನು ಕ್ಷೀಣಿಸುವುದು ಸಹಜ. ಇದರ ಪರಿಹಾರಕ್ಕಾಗಿ ಮಿಷಿಗನ್ನಿನ ಪ್ರತಿನಿಧಿ ಜಾನ್ ಡಿಂಗೆಲ್ ಹಾಗೂ ಕೊಲರಾಡೊದ ಸೆನೆಟರ್ ಎಡ್ವಿನ್ ಜಾನ್ಸನ್ ಅವರು ಮಂಡಿಸಿದ ಕಾಯಿದೆಗೆ 1950ರ ಆಗಸ್ಟ್ 9ರಂದು ಅಧ್ಯಕ್ಷ ಟ್ರೂಮನ್ ಅಂಕಿತ ಹಾಕಿದರು. ಗಾಳದ ಕೋಲು, ದಾರ ಸುತ್ತುವ ರಾಟೆ, ಕೃತಕ ಎರೆ ಮೊದಲಾದ ಉಪಕರಣಗಳ ಮೇಲಿನ ಶೇಕಡಾ 10ರ ಸುಂಕವನ್ನು ಮೀನಿನ ಪುನರುಜ್ಜೀವನಕ್ಕೇ ವಿನಿಯೋಗಿಸಬೇಕೆಂಬುದು ಅದರ ಸಾರ. 1984ರಲ್ಲಿ ವಾಲಪ್ ಮತ್ತು ಬ್ರೋ ಎಂಬ ಶಾಸಕರ ತಿದ್ದುಪಡಿಯಿಂದ ಮೋಟಾರು ದೋಣಿಗಳ ಪೆಟ್ರೋಲಿನ ತೆರಿಗೆ ಮತ್ತು ವಿಹಾರದ ದೋಣಿಗಳ ಆಮದು ಸುಂಕವೂ ಇದಕ್ಕೆ ಸೇರಿದವು. 2005ರಿಂದ ಇದಕ್ಕೆ ಕ್ರೀಡಾಮತ್ಸ್ಯ ಪುನರುಜ್ಜೀವನ ಮತ್ತು ದೋಣಿವಿಹಾರ ನಿಧಿ ಎಂಬ ಹೆಸರು ಬಂದಿತು.

ಈ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಅಂಶಗಳುಂಟು. ಭೋಗಿಸುವವನೇ ತೆರಬೇಕು ಎಂಬುದು ಮೊದಲನೆಯದು. ರಾಜ್ಯವು ತಾನು ಕಾಲುಭಾಗ ವೆಚ್ಚ ಭರಿಸಿದರೆ ಮುಕ್ಕಾಲು ಭಾಗದವರೆಗೆ ಕೇಂದ್ರದಿಂದ ಮರಳಿ ಪಡೆಯುತ್ತದೆ. ಮೀನು ಹಿಡಿಯುವ ಪರವಾನಗಿಯಿಂದ ಬಂದ ಹಣವನ್ನು ಅನ್ಯಕಾರ್ಯಕ್ಕೆ ತಿರುಗಿಸಿದ ರಾಜ್ಯಕ್ಕೆ ಈ ನೆರವು ಸಲ್ಲುವುದಿಲ್ಲ. ಒಂದು ಉದ್ದೇಶಕ್ಕೆ ಮೀಸಲಿಟ್ಟ ದ್ರವ್ಯವನ್ನು ಮತ್ತೊಂದಕ್ಕೆ ಮುಟ್ಟಬಾರದೆಂಬ ವಿವೇಕ, ನಿರ್ಮಾಲ್ಯದ ದೋಷವನ್ನು ಬಲ್ಲ ಶ್ರಾವಕರಿಗೆ ಬೇಗ ಅರ್ಥವಾಗತಕ್ಕದ್ದು. ನಿಧಿಯ ಒಂದು ಭಾಗ ಮನುಷ್ಯರ ಪ್ರಾಣರಕ್ಷಣೆಗೂ ಹೋಗುತ್ತದೆ. 2023ರಲ್ಲಿ ಆ ದೇಶದ ದೋಣಿವಿಹಾರದ ಅಪಘಾತಗಳಲ್ಲಿ 564 ಮಂದಿ ಮಡಿದರು. ಮರಣದ ಕಾರಣ ತಿಳಿದವರಲ್ಲಿ ಮುಕ್ಕಾಲು ಪಾಲು ಜನ ಮುಳುಗಿ ಸತ್ತವರು. ಮುಳುಗಿದವರಲ್ಲಿ ನೂರಕ್ಕೆ 87 ಮಂದಿ ಜೀವರಕ್ಷಕ ಕವಚವನ್ನು ಧರಿಸಿರಲಿಲ್ಲ. ಪ್ರಮಾದವೇ ಹಿಂಸೆಯ ಮೂಲವೆಂಬ ಆಚಾರ್ಯರ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಆ ಪ್ರಮಾದವನ್ನು ತಿದ್ದಲು ಕೊಟ್ಟ ಹಣ ಸದ್ವಿನಿಯೋಗವೇ ಸರಿ.

ಆದರೆ ಮೀನಿನ ವಿಷಯ ಹಾಗಲ್ಲ. ಇಲ್ಲಿ ಮೃಗಸೇನ ಧೀವರನ ಕಥೆಯನ್ನು ಸ್ಮರಿಸಬೇಕು. ತನ್ನ ಬಲೆಗೆ ಮೊದಲು ಬೀಳುವ ಮೀನನ್ನು ಬಿಟ್ಟುಬಿಡುವುದಾಗಿ ಅವನು ಮುನಿಗಳಿಂದ ವ್ರತ ಪಡೆದನು. ಬಿದ್ದ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟನು. ಅದೇ ಮೀನು ಐದು ಬಾರಿ ಬಲೆಗೆ ಬಂದಿತು. ಐದು ಬಾರಿಯೂ ಬಿಟ್ಟು, ಬರಿಗೈಯಲ್ಲಿ ಮನೆಗೆ ಮರಳಿ, ಹೆಂಡತಿಯ ಕೋಪಕ್ಕೆ ಪಾತ್ರನಾದನು. ಅಮೆರಿಕದ ಇಲಾಖೆಗಳೂ ಮೀನಿಗೆ ಗುರುತು ಕಟ್ಟಿ ನೀರಿಗೆ ಬಿಡುತ್ತವೆ. ಹೊರಗಿನ ಕ್ರಿಯೆ ಒಂದೇ. ಮೃಗಸೇನನ ಗುರುತು ಮತ್ತೆ ಸಿಕ್ಕರೂ ಕೊಲ್ಲಬಾರದೆಂಬುದಕ್ಕೆ. ಇಲಾಖೆಯ ಗುರುತು ಎಷ್ಟು ಮೀನು ಉಳಿದವು, ಎಷ್ಟು ಮತ್ತೆ ಸಿಕ್ಕವು ಎಂಬ ಲೆಕ್ಕಕ್ಕೆ. ಒಂದರಲ್ಲಿ ಮೀನು ಜೀವ; ಇನ್ನೊಂದರಲ್ಲಿ ಅದು ದಾಸ್ತಾನು.

ದಾಸ್ತಾನೆಂಬ ಭಾವನೆ ಎಲ್ಲಿಗೆ ಒಯ್ಯಬಲ್ಲುದೆಂಬುದನ್ನು 1962ರ ಗ್ರೀನ್ ನದಿಯ ಪ್ರಕರಣ ತೋರಿಸುತ್ತದೆ. ವಯೋಮಿಂಗ್ ಮತ್ತು ಯೂಟಾ ರಾಜ್ಯಗಳಲ್ಲಿ ಹೊಸ ಅಣೆಕಟ್ಟಿನ ಜಲಾಶಯ ತುಂಬುವ ಮುನ್ನ, ವಿನೋದಕ್ಕೆ ಬೇಕಾದ ಟ್ರೌಟ್ ಮೀನು ಸಮೃದ್ಧವಾಗಿ ಬೆಳೆಯಲೆಂದು, ಬೇಡವೆನಿಸಿದ ಮೀನುಗಳನ್ನು ಕೊಲ್ಲಲು ಸರಕಾರಿ ಇಲಾಖೆಗಳೇ ನೂರಾರು ಮೈಲಿ ನದಿಗೆ ರೊಟೆನೋನ್ ಎಂಬ ವಿಷವನ್ನು ಬೆರೆಸಿದವು. ವಿಷವು ನಿಗದಿಯಾದ ಎಲ್ಲೆಯನ್ನು ಮೀರಿ ಕೆಳಗಿನ ರಕ್ಷಿತ ಪ್ರದೇಶಕ್ಕೂ ಹರಿಯಿತು. ಪ್ರೀತಿಸಿದ್ದು ಮೀನನ್ನಲ್ಲ, ಮೀನಿನಿಂದ ದೊರೆಯುವ ಸುಖವನ್ನು. ಆದ್ದರಿಂದಲೇ ಸುಖ ಕೊಡದ ಮೀನಿಗೆ ರಕ್ಷಣೆ ದೊರೆಯಲಿಲ್ಲ.

ಹಿಡಿದ ಮೀನನ್ನು ಕೊಲ್ಲದೆ ಬಿಟ್ಟುಬಿಡುತ್ತೇವೆ, ಆಗ ದೋಷವೆಲ್ಲಿ ಎಂದು ಕೆಲವರು ಕೇಳಬಹುದು. ಧೀವರ ಮತ್ತು ಕೃಷಿಕನ ದೃಷ್ಟಾಂತ ಇದಕ್ಕೆ ಉತ್ತರ. ದಿನವಿಡೀ ಒಂದು ಮೀನೂ ಸಿಗದಿದ್ದರೂ ಧೀವರನ ಭಾವ ಹಿಂಸೆಯಲ್ಲಿಯೇ ನಿಂತಿರುತ್ತದೆ. ಉಳುವಾಗ ಅನೇಕ ಜೀವಗಳು ನೊಂದರೂ ಕೃಷಿಕನ ಸಂಕಲ್ಪ ಕೊಲೆಯಲ್ಲ. ಜೀವನಕ್ಕೆ ಬೇಕಿಲ್ಲದೆ, ಬರಿಯ ವಿನೋದಕ್ಕಾಗಿ ಗಂಟಲಿಗೆ ಕೊಕ್ಕೆ ಸಿಕ್ಕಿಸುವುದು ಅನರ್ಥದಂಡವೆಂಬುದರಲ್ಲಿ ಸಂದೇಹವಿಲ್ಲ.

ಹಾಗಾದರೆ ತೆರಿಗೆ ತೆತ್ತ ಶ್ರಾವಕನ ಗತಿಯೇನು? ಗಾಳವನ್ನು ಎಂದೂ ಮುಟ್ಟದ ಗೃಹಸ್ಥನೂ ಅಲ್ಲಿ ಅಂಗಳದ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ಹಾಕುತ್ತಾನೆ. ಇಂಥ ಸಣ್ಣ ಯಂತ್ರಗಳಲ್ಲಿ ಉರಿಯುವ ಪೆಟ್ರೋಲಿನ ಕೇಂದ್ರ ತೆರಿಗೆಯನ್ನು ಅಂದಾಜು ಮಾಡಿ ಅದನ್ನೂ ಇದೇ ನಿಧಿಗೆ ಸೇರಿಸುತ್ತಾರೆ. 1990ರಲ್ಲಿ ಇದನ್ನು ಸೇರಿಸಿದಾಗ ಉದ್ದೇಶ ಕರಾವಳಿಯ ಜೌಗುನೆಲಗಳ ಸಂರಕ್ಷಣೆ. ಆ ನೆಲಗಳಲ್ಲಿ ಹಕ್ಕಿ, ಏಡಿ, ಮೀನು, ಹೆಸರಿಲ್ಲದ ಅಸಂಖ್ಯ ಜೀವಗಳು ಆಶ್ರಯ ಪಡೆಯುತ್ತವೆ. ರಾಜ್ಯದ ವಿಧಿಯಂತೆ, ಹಿಂಸೆಯ ಸಂಕಲ್ಪವಿಲ್ಲದೆ ತೆತ್ತ ಕರವು ಕೃತವೂ ಅಲ್ಲ, ಕಾರಿತವೂ ಅಲ್ಲ. ಉಳಿದಿರುವುದು ಅನುಮೋದನೆ. ಅದು ಮಾತ್ರ ಸರಕಾರದ ಕೈಯಲ್ಲಿಲ್ಲ, ಅವರವರ ಮನಸ್ಸಿನಲ್ಲಿದೆ.

ಆದ್ದರಿಂದ ವಿವೇಕವೇ ಕರ್ತವ್ಯ. ನೀರು ನಿರ್ಮಲವಾದುದಕ್ಕೆ, ಜೌಗುನೆಲ ಉಳಿದುದಕ್ಕೆ, ಮುಳುಗುವವನು ಬದುಕಿದುದಕ್ಕೆ ಸಂತೋಷಪಡಲಿ. ಗಾಳದ ಸುಖವನ್ನು ಹೊಗಳದಿರಲಿ. ನೆರೆಯವರ ಮಗುವಿಗೆ ಗಾಳದ ಕೋಲನ್ನು ಉಡುಗೊರೆಯಾಗಿ ಕೊಡುವುದು ಹಿಂಸಾದಾನವೆಂದು ತಿಳಿದು ಬೇರೊಂದನ್ನು ಕೊಡಲಿ. ಮಿತ್ರರು ವಿನೋದಕ್ಕೆ ಕರೆದರೆ ದೋಣಿಯೇರಿ ನೀರನ್ನು ನೋಡಿ ಬರಲಿ, ಕವಚವನ್ನು ಧರಿಸಲಿ, ಕೊಕ್ಕೆಯನ್ನು ನಯವಾಗಿ ನಿರಾಕರಿಸಲಿ. ಅಷ್ಟಮಿ ಚತುರ್ದಶಿಗಳ ಉಪವಾಸದಂದು ಪ್ರತಿಕ್ರಮಣ ಮಾಡುವಾಗ ತೆತ್ತ ಹಣದ ಲೆಕ್ಕಕ್ಕಿಂತ ಮೆಚ್ಚಿದ ವಸ್ತುಗಳ ಲೆಕ್ಕವನ್ನು ಹೆಚ್ಚು ಸೂಕ್ಷ್ಮವಾಗಿ ನೋಡಲಿ.

ಮತ್ತೆ ಹಿಡಿಯುವೆನೆಂಬ ಆಸೆಯಿಂದ ಕಾಯುವುದು ವ್ಯವಸ್ಥೆ; ಅದರಿಂದ ಲೋಕಕ್ಕೆ ಹಿತವಾಗಬಹುದು, ಆ ಹಿತವನ್ನು ಅಲ್ಲಗಳೆಯಬೇಕಾಗಿಲ್ಲ. ಮರಳಿ ಏನನ್ನೂ ಬಯಸದೆ ಬಿಡುವುದು ಮಾತ್ರ ಅಭಯದಾನ. ಮೃಗಸೇನನು ಬಿಟ್ಟದ್ದು ಒಂದೇ ಮೀನು. ಆದರೆ ಅದನ್ನು ಅವನು ಪೂರ್ಣವಾಗಿ ಬಿಟ್ಟಿದ್ದನು.